ಕಾರಿನಲ್ಲಿ ಪರದೇಶವಾಸಕ್ಕೆ: ಒಂದು ಆಯವ್ಯಯ ವಿಚಾರ

ನಮ್ಮ ಹಿರಿಯರು ವಿಜಯಪುರ, ಕಲಬುರಗಿ, ಧಾರವಾಡ, ಬೆಳಗಾವಿಗಳ ಕಡೆಯಿಂದ ಪುಣೆಗೆ ಬಂದು ನೆಲೆಸಿದಾಗ ಅವರ ಸ್ಥಳಾಂತರದ ವೆಚ್ಚವೆಲ್ಲ ಒಂದು ರೈಲು ಟಿಕೇಟು, ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಇಷ್ಟರಲ್ಲಿ ಮುಗಿಯುತ್ತಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಪುಣೆಯಿಂದ ಪರದೇಶಕ್ಕೆ ಹೊರಟಿದ್ದಾರೆ. ಹಿಂಜವಡಿ, ಖರಾಡಿಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ತರುಣರಲ್ಲಿ ಈಚೆಗೆ ಒಂದು ಹೊಸ ವಿಚಾರ ಕೇಳಿಬರುತ್ತಿದೆ. ವಿಮಾನದ ಟಿಕೇಟಿಗೂ ಸಾಮಾನು ಸಾಗಣೆಗೂ ಲಕ್ಷಗಟ್ಟಲೆ ಸುರಿಯುವ ಬದಲು ಹೆಂಡತಿ ಮಕ್ಕಳನ್ನೂ ಸಾಮಾನನ್ನೂ ಸ್ವಂತ ಕಾರಿನಲ್ಲಿ ತುಂಬಿಕೊಂಡು ರಸ್ತೆಯ ಮೂಲಕವೇ ಹೋಗಬಾರದೇಕೆ, ಅಲ್ಲಿಗೆ ತಲುಪಿದ ಮೇಲೆ ಅದೇ ಕಾರನ್ನು ಬಳಸಬಾರದೇಕೆ ಎಂಬುದೇ ಆ ವಿಚಾರ. ಉತ್ಸಾಹ ಮೆಚ್ಚತಕ್ಕದ್ದೇ. ಪ್ರವಾಸವೆಂದು ನೋಡಿದರೆ ಇದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಮಿತವ್ಯಯದ ಸ್ಥಳಾಂತರವೆಂದು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ತಂದೆಯ ನಿವೃತ್ತಿ ಹಣವನ್ನು ಆಧಾರವಾಗಿಟ್ಟು ಹೊರಡುವುದಾದರಂತೂ ಕೂಡದು ಎಂದೇ ನನ್ನ ಸ್ಪಷ್ಟ ಅಭಿಪ್ರಾಯ. ಅದೇಕೆಂಬುದನ್ನು ಬ್ಯಾಂಕಿನ ಮೇಜಿನ ಈ ಬದಿಯಲ್ಲಿ ಕುಳಿತು ಕಂಡಂತೆ ವಿವರಿಸಲು ಯತ್ನಿಸುತ್ತೇನೆ.

ಭೂಮಾರ್ಗದ ಕನಸು ಹೊಸದಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿ. ಕೃ. ಗೋಕಾಕರು ಮೂವತ್ತರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲಿ. ಯುದ್ಧಾನಂತರ ರಸ್ತೆಯೂ ತೆರೆಯಿತು. 1957ರ ಏಪ್ರಿಲ್ 15ರಂದು ಲಂಡನ್ನಿನಿಂದ ಹೊರಟ ‘ಇಂಡಿಯಾಮನ್’ ಎಂಬ ಬಸ್ಸು ಜೂನ್ 5ರಂದು ಕಲಕತ್ತೆಯನ್ನು ಮುಟ್ಟಿತು. ಒಂದು ದಿಕ್ಕಿನ ಪ್ರಯಾಣದರ 85 ಪೌಂಡು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಇಸ್ತಾಂಬುಲ್, ತೆಹರಾನ್, ಕಾಬೂಲ್, ಲಾಹೋರ್ ದಾರಿಯಾಗಿ ಸಾವಿರಾರು ಪಾಶ್ಚಾತ್ಯ ತರುಣರು ಅಲ್ಪ ವೆಚ್ಚದಲ್ಲಿ ಭಾರತಕ್ಕೆ ಬಂದರು. 1974ರ ತರುವಾಯ ನಮ್ಮ ಕೋರೇಗಾಂವ್ ಪಾರ್ಕಿನ ಆಶ್ರಮವನ್ನು ಅರಸಿ ಬಂದವರಲ್ಲಿಯೂ ಈ ದಾರಿ ಹಿಡಿದವರಿದ್ದರು. 1979ರಲ್ಲಿ ಇರಾನಿನ ಕ್ರಾಂತಿಯೂ ಅದೇ ವರ್ಷದ ಕೊನೆಯಲ್ಲಿ ಅಫಘಾನಿಸ್ತಾನಕ್ಕೆ ಸೋವಿಯೆತ್ ಸೇನೆಯ ಪ್ರವೇಶವೂ ಆಗಿ ಆ ಹೆದ್ದಾರಿ ಮುಚ್ಚಿಹೋಯಿತು. ಇನ್ನು ಮೋಟಾರಿನ ಮೋಹದ ಮಾತಿಗೆ ಬಂದರೆ, ಗದುಗಿನಿಂದ ಬಂದು ಪುಣೆಯವರೇ ಆಗಿಹೋದ ಪಂಡಿತ ಭೀಮಸೇನ ಜೋಶಿಯವರು ದೂರದೂರದ ಕಛೇರಿಗಳಿಗೆ ಕಾರನ್ನು ತಾವೇ ನಡೆಸಿಕೊಂಡು ಹೋಗುತ್ತಿದ್ದುದನ್ನು ನಮ್ಮಲ್ಲಿ ಯಾರು ತಾನೇ ಅರಿಯರು? ಆದರೆ ಪಂಡಿತರು ಹಾಡಿ ಮುಗಿಸಿ ಮನೆಗೆ ಮರಳುತ್ತಿದ್ದರು. ಮುಂದಿನ ವಿಚಾರಕ್ಕೆ ಈ ಭೇದವೇ ಮುಖ್ಯ.

ಮೊದಲು ದಾರಿಯನ್ನು ನೋಡೋಣ. ಪಶ್ಚಿಮಕ್ಕೆ ನೇರವಾದ ಅಟಾರಿಯ ಗಡಿ ಠಾಣೆಯನ್ನು 2025ರ ಏಪ್ರಿಲಿನಲ್ಲಿ ಸರಕಾರ ಮುಚ್ಚಿಸಿತು. ಪೂರ್ವದಲ್ಲಿ ಮಣಿಪುರದ ಮೋರೆಯಿಂದ ಮ್ಯಾನ್ಮಾರಿನ ಮೂಲಕ ಥಾಯ್‌ಲೆಂಡಿಗೆ ಹೋಗುವ ದಾರಿಯನ್ನು 2021ರ ಫೆಬ್ರುವರಿಯಲ್ಲಿ ಅಲ್ಲಿ ನಡೆದ ಸೈನಿಕ ಕ್ರಾಂತಿಯ ಬಳಿಕ ಸಂಸಾರಸ್ಥರು ನೆಚ್ಚುವಂತಿಲ್ಲ. ಉತ್ತರದಲ್ಲಿ ನೇಪಾಳದ ರಸುವಾಗಢಿಯಿಂದ ಟಿಬೆಟ್ಟಿಗೆ ಏರುವ ಮಾರ್ಗವೊಂದಿದೆ. 2025ರ ಜುಲೈ ತಿಂಗಳ ಪ್ರವಾಹದಲ್ಲಿ ಅಲ್ಲಿಯ ಸೇತುವೆಯೇ ಕೊಚ್ಚಿಹೋಯಿತು. ಚೀನವನ್ನು ಪ್ರವೇಶಿಸಿದರೂ ನಮ್ಮ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಗೆ ಅಲ್ಲಿ ಮನ್ನಣೆಯಿಲ್ಲ. ತಾತ್ಕಾಲಿಕ ಲೈಸೆನ್ಸು, ವಾಹನಕ್ಕೆ ಪ್ರತ್ಯೇಕ ಅನುಮತಿ, ಜೊತೆಗೆ ದಾರಿಯುದ್ದಕ್ಕೂ ಅಧಿಕೃತ ಮಾರ್ಗದರ್ಶಿ, ಇವೆಲ್ಲವನ್ನೂ ಮುಂಚಿತವಾಗಿ ಹಣ ಕೊಟ್ಟೇ ಏರ್ಪಡಿಸಿಕೊಳ್ಳಬೇಕು. ಆ ಮಾರ್ಗದರ್ಶಿಯ ಊಟ ವಸತಿಯೂ ನಮ್ಮ ಖರ್ಚಿಗೇ ಬೀಳುತ್ತದೆ. ಇದೆಲ್ಲ ಬೇಡವೆಂದರೆ ಮುಂಬಯಿಯಿಂದ ಕಾರನ್ನು ಹಡಗಿಗೇರಿಸಿ ದುಬಾಯಿಯ ಜೆಬೆಲ್ ಅಲಿ ಬಂದರಿನಲ್ಲಿ ಇಳಿಸಿಕೊಳ್ಳಬೇಕು. ಹಡಗಿನ ಬಾಡಿಗೆಯೊಂದೇ ಅಲ್ಲ, ಎರಡೂ ಬಂದರುಗಳ ನಿರ್ವಹಣಾ ಶುಲ್ಕ, ದಲ್ಲಾಳಿಯ ಕಮಿಷನ್, ಸಮುದ್ರ ವಿಮೆ, ಕಾರು ಬರುವವರೆಗೆ ಅಲ್ಲಿ ಕಾಯುವ ದಿನಗಳ ವಸತಿ, ಇವನ್ನೂ ಸೇರಿಸಬೇಕು.

ಇನ್ನು ಇಂಧನ. ಪುಣೆಯಿಂದ ಪಶ್ಚಿಮ ಯುರೋಪಿನವರೆಗೆ ಸುತ್ತು ದಾರಿಯಲ್ಲಿ 18,000 ಕಿಲೋಮೀಟರು ಎಂದು ಹಿಡಿಯೋಣ. ಲೀಟರಿಗೆ 15 ಕಿಲೋಮೀಟರು ಕೊಡುವ ಕಾರಿಗೆ 1,200 ಲೀಟರು ಬೇಕು. ಲೀಟರಿಗೆ ಸರಾಸರಿ 100 ರೂಪಾಯಿ ಎಂದರೂ 1,20,000 ರೂಪಾಯಿ ಆಯಿತು. ನಮ್ಮ ತರುಣರು ಸಾಮಾನ್ಯವಾಗಿ ಇಷ್ಟಕ್ಕೇ ಲೆಕ್ಕ ನಿಲ್ಲಿಸಿ, ನಾಲ್ಕು ಜನರ ವಿಮಾನ ಟಿಕೇಟಿನೊಂದಿಗೆ ಹೋಲಿಸಿ ಹಿಗ್ಗುತ್ತಾರೆ. ದಿನಕ್ಕೆ 300 ಕಿಲೋಮೀಟರಿನಂತೆ ನಡೆದರೆ ಇದು 60 ದಿನಗಳ ಪ್ರಯಾಣ. ಗಡಿಗಳಲ್ಲಿ ಕಾಯುವುದು ಬೇರೆ. ಅರುವತ್ತು ರಾತ್ರಿಗಳ ವಸತಿ, ಅರುವತ್ತು ದಿನಗಳ ನಾಲ್ವರ ಊಟ, ದೇಶದೇಶದ ವೀಸಾ ಶುಲ್ಕ, ಟಾಯರು ಬದಲಾವಣೆ, ಎಲ್ಲಕ್ಕಿಂತ ಮಿಗಿಲಾಗಿ ಎರಡು ತಿಂಗಳ ಸಂಬಳದ ನಷ್ಟ. ಜಮಾಖರ್ಚಿನ ಪುಸ್ತಕದಲ್ಲಿ ಈ ಕೊನೆಯ ಬಾಬು ಕಾಣಿಸುವುದಿಲ್ಲ. ಏಕೆಂದರೆ ಅದು ಕೊಟ್ಟ ಹಣವಲ್ಲ, ಬಾರದ ಹಣ. ವಾಣಿಜ್ಯ ಶಾಸ್ತ್ರವನ್ನು ಓದಿದವರು ಇದನ್ನು ಮರೆಯಬಾರದು. ಹೊಸ ದೇಶದಲ್ಲಿ ಕೆಲಸಕ್ಕೆ ಸೇರುವ ತಾರೀಖು ಗೊತ್ತಾಗಿರುವಾಗ ಎರಡು ತಿಂಗಳು ದಾರಿಯಲ್ಲಿರುವ ಅವಕಾಶವನ್ನು ಯಾವ ಮಾಲೀಕ ಕೊಟ್ಟಾನು?

ಆದರೂ ಇವೆಲ್ಲ ಕಣ್ಣಿಗೆ ಕಾಣುವ ಖರ್ಚುಗಳು. ನಾನು ಮುಖ್ಯವಾಗಿ ಹೇಳಬೇಕಾದದ್ದು ಖರ್ಚೆಂದು ತೋರದ ಇನ್ನೊಂದು ಹೊಣೆಯನ್ನು ಕುರಿತು. ಅದರ ಹೆಸರು ಕಾರ್ನೆಟ್.

ಒಂದು ದೇಶದ ಕಾರು ಮತ್ತೊಂದು ದೇಶದ ಗಡಿಯನ್ನು ದಾಟಿದೊಡನೆ ಸುಂಕದ ಅಧಿಕಾರಿಯ ದೃಷ್ಟಿಯಲ್ಲಿ ಅದು ಆಮದಾದ ಸರಕು; ನ್ಯಾಯವಾಗಿ ಅದರ ಮೇಲೆ ಸುಂಕ ಬೀಳಬೇಕು. ಪ್ರವಾಸಿಯ ಕಾರು ಹಿಂತಿರುಗಿ ಹೋಗುವುದೆಂಬ ಭರವಸೆ ದೊರೆತರೆ ಆ ಸುಂಕವನ್ನು ತಡೆಹಿಡಿಯುತ್ತಾರೆ. ಆ ಭರವಸೆಯ ಪತ್ರವೇ ಕಾರ್ನೆಟ್, ವಾಹನದ ಪಾಸ್‌ಪೋರ್ಟು ಎಂದರೂ ಸಲ್ಲುತ್ತದೆ. ಏಷ್ಯದ ಹಲವು ದೇಶಗಳು ಇದನ್ನು ಕೇಳುತ್ತವೆ. ನಮ್ಮ ಭಾಗದವರಿಗೆ ಇದನ್ನು ಕೊಡುವುದು ಮುಂಬಯಿಯಲ್ಲಿರುವ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್. ಅವಧಿ ಒಂದು ವರ್ಷ. ಪ್ರತಿ ಹಾಳೆಯಲ್ಲಿ ಮೂರು ಪಾಲು. ಒಳಗೆ ಬರುವಾಗ ಒಂದು ಪಾಲನ್ನು ಸುಂಕದವರು ಹರಿದುಕೊಳ್ಳುತ್ತಾರೆ, ಹೊರಗೆ ಹೋಗುವಾಗ ಇನ್ನೊಂದನ್ನು. ಪುಸ್ತಕದಲ್ಲೇ ಉಳಿಯುವ ಮೂರನೆಯ ಪಾಲಿನ ಮೇಲೆ ಎರಡೂ ಮುದ್ರೆಗಳು ಬಿದ್ದಿರಬೇಕು. ಕೊನೆಗೆ ಕಾರು ಭಾರತಕ್ಕೆ ಮರಳಿದ ಮೇಲೆ ಇಲ್ಲಿಯ ಸುಂಕದವರ ದೃಢೀಕರಣದೊಂದಿಗೆ ಪುಸ್ತಕವನ್ನು ಸಂಸ್ಥೆಗೆ ಹಿಂದಿರುಗಿಸಬೇಕು.

ಈ ಭರವಸೆಯನ್ನು ಸಂಸ್ಥೆ ಬರಿಗೈಯಲ್ಲಿ ಕೊಡುವುದಿಲ್ಲ. ಕಾರಿನ ಬೆಲೆ ಮತ್ತು ಹೋಗುವ ದೇಶಗಳನ್ನು ನೋಡಿ, ಕಾರಿನ ಬೆಲೆಯಷ್ಟೋ, ಕೆಲವು ದೇಶಗಳ ಸಂದರ್ಭದಲ್ಲಿ ಅದಕ್ಕೂ ಮಿಗಿಲಾಗಿಯೋ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿಯನ್ನು ಕೇಳುತ್ತದೆ. ಇಲ್ಲಿಂದ ವಿಷಯ ನಮ್ಮ ಮೇಜಿಗೆ ಬರುತ್ತದೆ. ಬ್ಯಾಂಕು ಗ್ಯಾರಂಟಿ ಕೊಡುವಾಗ ಗಿರಾಕಿಯಿಂದ ಮುದ್ದತು ಠೇವಣಿಯನ್ನು ಮಾರ್ಜಿನ್ನಾಗಿ ಇರಿಸಿಕೊಳ್ಳುತ್ತದೆ. ಇಂಥ ಒಂದೇ ಬಾರಿಯ ಗ್ಯಾರಂಟಿಗೆ ಬಹುಶಃ ಪೂರ್ತಿ ಮೊತ್ತಕ್ಕೇ. ಮೇಲೆ ಕಮಿಷನ್ ಬೇರೆ. ಆದರೆ ಹೊರಡುವ ತರುಣನಲ್ಲಿ ಹತ್ತೆಂಟು ಲಕ್ಷದ ಠೇವಣಿ ಎಲ್ಲಿಂದ ಬರಬೇಕು? ಅವನ ಸಂಬಳವೆಲ್ಲ ಮನೆಸಾಲದ ಕಂತಿಗೆ ಹೋಗಿರುತ್ತದೆ. ಠೇವಣಿ ಇರುವುದು ತಂದೆಯ ಹೆಸರಿನಲ್ಲಿ. ನಿವೃತ್ತಿಯಾದಾಗ ಬಂದ ಗ್ರಾಚುಯಿಟಿ, ಭವಿಷ್ಯನಿಧಿಗಳನ್ನು ಕೂಡಿಸಿ ಇಟ್ಟ ಹಣ ಅದು. “ಬಾಬಾ, ಹಣ ಎಲ್ಲಿಯೂ ಹೋಗುವುದಿಲ್ಲ, ಬಡ್ಡಿ ನಿಮಗೇ ಬರುತ್ತದೆ, ಒಂದು ಸಹಿ ಮಾತ್ರ” ಎಂದು ಮಗ ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಬಡ್ಡಿ ಬರುತ್ತದೆ. ಆದರೆ ಆ ರಸೀದಿಯ ಮೇಲೆ ಬ್ಯಾಂಕಿನ ಹಕ್ಕು ಗುರುತಾದ ಕ್ಷಣದಿಂದ ಗ್ಯಾರಂಟಿ ತೀರುವವರೆಗೆ ತಂದೆ ತನ್ನ ಅಸಲನ್ನು ಮುಟ್ಟುವಂತಿಲ್ಲ. ಆ ಅವಧಿಯಲ್ಲಿ ತಾಯಿಗೆ ಮೊಣಕಾಲಿನ ಶಸ್ತ್ರಕ್ರಿಯೆ ಬಂದರೂ, ತಂದೆಗೇ ಎದೆನೋವು ಬಂದು ಆಸ್ಪತ್ರೆ ಸೇರಿದರೂ ಆ ಹಣ ಒದಗದು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಕಾರು ದಾರಿಯಲ್ಲಿ ಕಳವಾಯಿತು. ಅಥವಾ ಅಪಘಾತದಲ್ಲಿ ನುಜ್ಜುಗುಜ್ಜಾಗಿ ಅಲ್ಲೇ ಬಿಟ್ಟು ಬರಬೇಕಾಯಿತು. ಅಥವಾ ರಾತ್ರಿಯ ಹೊತ್ತಿನಲ್ಲಿ ಒಂದು ಠಾಣೆಯವರು ಹೊರಹೋದ ಮುದ್ರೆಯನ್ನೇ ಹಾಕಲಿಲ್ಲ. ಆಗ ಆ ದೇಶದ ಲೆಕ್ಕದಲ್ಲಿ ಕಾರು ಹೊರಗೆ ಹೋಗಲೇ ಇಲ್ಲ, ಆದ್ದರಿಂದ ಸುಂಕ ಸಲ್ಲಬೇಕು. ಬೇಡಿಕೆ ಸಂಸ್ಥೆಗೆ ಬರುತ್ತದೆ, ಸಂಸ್ಥೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಠೇವಣಿಗೆ. ಗ್ಯಾರಂಟಿಯ ಷರತ್ತಿನಂತೆ ಬೇಡಿಕೆ ಬಂದೊಡನೆ ಬ್ಯಾಂಕು ಹಣ ಕೊಡುತ್ತದೆ. ತಪ್ಪು ಯಾರದೆಂದು ವಿಚಾರಣೆ ನಡೆಸುವ ಅಧಿಕಾರ ನಮಗಿಲ್ಲ. ಜಾಮೀನುದಾರನ ಹೊಣೆ ಮೂಲ ಋಣಿಯ ಹೊಣೆಯಷ್ಟೇ ವಿಸ್ತಾರವಾದದ್ದೆಂದು 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮು ನೂರೈವತ್ತು ವರ್ಷಗಳಿಂದ ಹೇಳುತ್ತ ಬಂದಿದೆ. ತಾನು ಎಂದೂ ಕಾಣದ ದೇಶದಲ್ಲಿ, ತಾನು ಕೂತಿರದ ಕಾರಿನ ಸುಂಕವನ್ನು ಕೊಥರೂಡಿನ ಎರಡು ಕೋಣೆಗಳ ಮನೆಯಲ್ಲಿ ಕುಳಿತ ಎಪ್ಪತ್ತರ ವೃದ್ಧ ತೆರಬೇಕಾದೀತು.

ಪ್ರವಾಸ ಮುಗಿಸಿ ಮರಳುವವನಿಗೆ ಈ ಅಪಾಯ ಅಪರೂಪದ್ದು, ಒಪ್ಪುತ್ತೇನೆ. ಎಷ್ಟೋ ಭಾರತೀಯರು ಹೀಗೆ ಹೋಗಿ ಕ್ಷೇಮವಾಗಿ ಬಂದಿದ್ದಾರೆ. ಆದರೆ ನೆಲೆಸಲು ಹೋಗುವವನು ಮರಳುವುದೇ ಇಲ್ಲವಲ್ಲ! ಕಾರ್ನೆಟ್ಟಿನ ಆಧಾರವೇ ಮರಳುವ ಮಾತು. ಅದು ಅತಿಥಿಯ ಕಾಗದ, ನಿವಾಸಿಯದಲ್ಲ. ಅಲ್ಲಿಯೇ ಉಳಿಯಬೇಕಾದ ಕಾರನ್ನು ಇಲ್ಲಿಂದಲೇ ರಫ್ತಿನ ಸರಕೆಂದು ಕಾಗದ ಮಾಡಿಸಿ ಹೊರಡಿಸಬೇಕು, ಅಲ್ಲಿ ಆಮದಿನ ಕ್ರಮವನ್ನು ಪೂರೈಸಬೇಕು. ಈ ಎರಡು ಬೇರೆ ಬೇರೆ ವಿಧಾನಗಳನ್ನು ಒಂದೆಂದು ತಿಳಿಯುವುದರಿಂದಲೇ ಆಯವ್ಯಯವೆಲ್ಲ ಬುಡಮೇಲಾಗುತ್ತದೆ.

ಹಾಗೆ ಆಮದು ಮಾಡಲು ಆ ದೇಶಗಳಾದರೂ ಒಪ್ಪುತ್ತವೆಯೆ? ನಮ್ಮ ಕಾರುಗಳ ಚಕ್ರ ಬಲಬದಿಗಿದೆ. ಕೊಲ್ಲಿಯ ದೇಶಗಳಲ್ಲಿ ರಸ್ತೆಯ ಕ್ರಮ ಬೇರೆ. ಸೌದಿ ಅರೇಬಿಯವು ಇಂಥ ಕಾರುಗಳ ಆಮದಿಗೆ ಅವಕಾಶ ಕೊಡುವುದಿಲ್ಲ. ಅಮೆರಿಕದಲ್ಲಿ ಅವರ ಸುರಕ್ಷತಾ ಮಾನಕಗಳಿಗೆ ಅನುಗುಣವಾಗಿ ತಯಾರಾಗದ ಕಾರು 25 ವರ್ಷ ಹಳೆಯದಾಗುವವರೆಗೆ ಕಾಯಂ ಆಗಿ ಪ್ರವೇಶಿಸುವಂತಿಲ್ಲ; ಹಳೆಯ ಅಂಬಾಸಿಡರಿಗೆ ದೊರೆಯಬಹುದಾದ ಗೌರವ ನಿಮ್ಮ ಹೊಸ ಕಾರಿಗೆ ದೊರೆಯದು ಎಂದಾಯಿತು! ಯುರೋಪಿನ ಒಕ್ಕೂಟದಲ್ಲಿ ನೀತಿ ಸ್ವಲ್ಪ ಉದಾರವಾಗಿದೆ. ಹೊರಗಿನವನ ಕಾರು ಆರು ತಿಂಗಳವರೆಗೆ ಸುಂಕವಿಲ್ಲದೆ ಇರಬಹುದು. ವಾಸಸ್ಥಳವನ್ನೇ ಬದಲಿಸಿ ಬರುವವನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಹೊರಗೆ ವಾಸವಾಗಿದ್ದು, ಕಾರನ್ನು ಕನಿಷ್ಠ ಆರು ತಿಂಗಳು ಬಳಸಿದ್ದರೆ ಸುಂಕದ ವಿನಾಯಿತಿಯನ್ನೂ ಕೇಳಬಹುದು. ಆದರೆ ನೋಂದಣಿಗೆ ಮುನ್ನ ಹೊಗೆ, ದೀಪ, ಬ್ರೇಕುಗಳ ತಾಂತ್ರಿಕ ಅನುಮೋದನೆ ಆಗಬೇಕು. ಭಾರತದ ಮಾರುಕಟ್ಟೆಗೆಂದೇ ತಯಾರಾದ ಕಾರಿಗೆ ಅದು ದುಬಾರಿಯಾದ ಕೆಲಸ. ಚಾಲಕನಿಗೂ ಅದೇ ಪಾಡು. ಸಂಗಮ ಸೇತುವೆಯ ಬಳಿಯ ನಮ್ಮ ಆರ್‌ಟಿಓ ಕಚೇರಿಯಲ್ಲಿ ದೊರೆಯುವ ಅಂತಾರಾಷ್ಟ್ರೀಯ ಪರವಾನಗಿಯ ಆಯುಷ್ಯ ಒಂದೇ ವರ್ಷ. ಜರ್ಮನಿಯಲ್ಲಿ ನೆಲೆಸಿದವನಿಗೆ ಆರು ತಿಂಗಳ ಬಳಿಕ ಭಾರತದ ಲೈಸೆನ್ಸು ಸಲ್ಲದು. ಅಲ್ಲಿಯ ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು.

ಕಾರು ಎಷ್ಟು ಅನಿಶ್ಚಿತವಾದ ಆಸ್ತಿ ಎಂಬುದನ್ನು ಕನ್ನಡಿಗರು ಒಮ್ಮೆ ಬಹಳ ಕಷ್ಟದಿಂದ ಕಲಿತಿದ್ದಾರೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಭಾರತೀಯರಿದ್ದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ, ಎಂದರೆ ಇಂದಿನ ಮಂಗಳೂರು ಉಡುಪಿಗಳ ಕಡೆಯ ಕುಟುಂಬಗಳೂ ಅವರಲ್ಲಿ ಸೇರಿದ್ದವು. ವಿಮಾನ ನಿಲ್ದಾಣ ಮುಚ್ಚಿತ್ತು. ಬಸ್ಸುಗಳಲ್ಲಿ, ಸ್ವಂತ ಕಾರುಗಳಲ್ಲಿ ಬಾಗ್ದಾದಿನ ಮೂಲಕ ಸಾವಿರ ಕಿಲೋಮೀಟರಿಗೂ ಮಿಗಿಲಾದ ಮರುಭೂಮಿಯನ್ನು ದಾಟಿ ಜನ ಜೋರ್ಡಾನಿನ ಗಡಿಯನ್ನು ಸೇರಿದರು. ಅಮ್ಮಾನಿನಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟಗಳನ್ನು ನಡೆಸಿ ಅವರನ್ನು ಮುಂಬಯಿಗೆ ತಂದಿತು. ಕಾರುಗಳು ಮಾತ್ರ ಮುಂಬಯಿಗೆ ಬರಲಿಲ್ಲ. ಜಗತ್ತಿನಲ್ಲೇ ಬೆಲೆಯುಳ್ಳ ನಾಣ್ಯಗಳಲ್ಲೊಂದಾಗಿದ್ದ ಕುವೈತಿ ದಿನಾರವೂ ಇರಾಕಿ ದಿನಾರಕ್ಕೆ ಸಮವೆಂದು ಆಕ್ರಮಣಕಾರರು ಸಾರಿಬಿಟ್ಟರು. ಮರುವರ್ಷ ಸಂಯುಕ್ತ ರಾಷ್ಟ್ರಸಂಘ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿ, ಹಾಗೆ ದೇಶ ಬಿಟ್ಟುಬಂದ ಒಬ್ಬೊಬ್ಬರಿಗೆ 2,500ರಿಂದ 4,000 ಡಾಲರಿನ ನಿಗದಿತ ಮೊತ್ತವನ್ನು ಗೊತ್ತುಮಾಡಿತು. ಕಾಗದ ಪತ್ರಗಳನ್ನು ಜೋಪಾನವಾಗಿ ತಂದವರು ಅದಕ್ಕೂ ಹೆಚ್ಚಿನ ನಷ್ಟಕ್ಕೆ ಅರ್ಜಿ ಹಾಕಬಹುದಾಗಿತ್ತು. ಆ ಪ್ರಯಾಣಕ್ಕೆ ಯೋಜನೆಯಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಆದರೆ ಗಡಿಯಲ್ಲಿ ಕೈಗೆ ಉಳಿಯುವುದು ಕಾರಲ್ಲ, ಕಾಗದ ಎಂಬುದು ಆ ಜನರಿಗೆ ಗೊತ್ತಾಯಿತು.

ಈ ಸಂಚಿಕೆಯಲ್ಲಿ ವೈದ್ಯ ಮಹನೀಯರ ಲೇಖನಗಳಿರುವುದರಿಂದ ಆರೋಗ್ಯದ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಟಿಬೆಟ್ಟಿನ ದಾರಿಯಲ್ಲಿ 5,000 ಮೀಟರಿಗೂ ಎತ್ತರದ ಘಟ್ಟಗಳಿವೆ. 2,500 ಮೀಟರು ದಾಟಿದ ಮೇಲೆ ಪರ್ವತವ್ಯಾಧಿ ಯಾರಿಗೂ ಬರಬಹುದು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬ ವೈದ್ಯರ ನಿಯಮವನ್ನು ಪಾಲಿಸಿದರೆ ದಿನಗಳೂ ವಸತಿ ಖರ್ಚೂ ಮತ್ತಷ್ಟು ಬೆಳೆಯುತ್ತವೆ. ದಿನವಿಡೀ ಕಾಲು ಮಡಿಚಿ ಕೂಡುವುದರಿಂದ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವೂ ಇದೆ. ಪ್ರತಿ ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಇಲ್ಲಿಂದ ಬೆಂಗಳೂರಿನವರೆಗೆ ಒಂದೇ ಉಸಿರಿನಲ್ಲಿ ಓಡಿಸುವುದನ್ನು ಪೌರುಷವೆಂದು ತಿಳಿದ ನಮ್ಮ ಮಿತ್ರರಿಗೂ ಈ ಮಾತು ಸಲ್ಲುತ್ತದೆ. ಇನ್ನು ಔಷಧಗಳು. ನಮ್ಮಲ್ಲಿ ಕೆಮ್ಮಿಗೆ, ನೋವಿಗೆ ಬರೆದುಕೊಡುವ ಕೊಡೀನ್, ಟ್ರಾಮಡಾಲ್ ಮುಂತಾದವು ಕೊಲ್ಲಿಯ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಟ್ಟಿವೆ. ವೈದ್ಯರ ಚೀಟಿಯೊಂದೇ ಎಲ್ಲ ವೇಳೆಯಲ್ಲಿ ಸಾಲದು, ಮುಂಚಿತವಾಗಿ ಅನುಮತಿ ಪಡೆಯಬೇಕು.

ಹಾಗಾದರೆ ಏನು ಮಾಡಬೇಕು? ರಸ್ತೆಯ ಹಂಬಲ ಇದ್ದವರು ಅದನ್ನು ಪ್ರವಾಸವಾಗಿಯೇ ಇಟ್ಟುಕೊಳ್ಳಲಿ. ಮೊದಲು ನೇಪಾಳಕ್ಕೆ ಹೋಗಿ ಬರಲಿ. ಅಲ್ಲಿಗೆ ಕಾರ್ನೆಟ್ ಬೇಡ, ಗಡಿಯಲ್ಲಿ ಭನ್ಸಾರ್ ಎಂಬ ಸುಂಕದ ಚೀಟಿ ಮಾಡಿಸಿ ದಿನಗಳ ಲೆಕ್ಕದಲ್ಲಿ ಹಣ ಕಟ್ಟಿದರಾಯಿತು. ನಮ್ಮ ಮೋಟಾರು ವಿಮೆಯನ್ನು ಹೆಚ್ಚುವರಿ ಪ್ರೀಮಿಯಂ ಕೊಟ್ಟು ನೇಪಾಳ, ಭೂತಾನ, ಬಾಂಗ್ಲಾದೇಶ ಮುಂತಾದ ನೆರೆರಾಷ್ಟ್ರಗಳಿಗೆ ವಿಸ್ತರಿಸಲೂ ಬರುತ್ತದೆ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರವಿಲ್ಲದೆ ಗಡಿಯನ್ನು ದಾಟಿಸಬೇಡಿ. ಅದು ಅಡವಿಟ್ಟ ಆಸ್ತಿ.

ನೆಲೆಸಲು ಹೋಗುವವರು ಕಾರನ್ನು ಪುಣೆಯಲ್ಲಿಯೇ ಮಾರಲಿ. ಆರು ಲಕ್ಷಕ್ಕೆ ಮಾರಿದ ಕಾರು ಹೊಸ ಊರಿನಲ್ಲಿ ಮೊದಲ ತಿಂಗಳುಗಳ ಬಾಡಿಗೆಗೂ ಮನೆಯ ಮುಂಗಡಕ್ಕೂ ಆಧಾರವಾಗುತ್ತದೆ. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಪರದೇಶಕ್ಕೆ ಹೊರಟವನ ಕೈಗೆ ದೊರೆಯುತ್ತಿದ್ದುದು ಎಂಟು ಡಾಲರು ಎಂಬುದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಇಂದು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಂತೆ ಒಬ್ಬ ನಿವಾಸಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳವರೆಗೆ ಕಳಿಸಬಹುದು. ಮೂಲದಲ್ಲಿ ವಸೂಲು ಮಾಡುವ ತೆರಿಗೆಯ ಮಿತಿಯನ್ನು 2025ರ ಏಪ್ರಿಲ್ 1ರಿಂದ 7 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಮಿತಿಯೊಳಗೆ ಇದ್ದರೆ ಕಡಿತವಿಲ್ಲ. ಮೀರಿದರೂ ಆ ತೆರಿಗೆ ನಷ್ಟವಲ್ಲ, ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಹಣವನ್ನು ನಿವಾಸಿಯಾಗಿರುವಾಗಲೇ ಕಳಿಸಿ, ಹೊರಟ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬಹುಮಂದಿ ಇದನ್ನು ಮಾಡುವುದಿಲ್ಲ, ವರ್ಷಗಳ ನಂತರ ನಮ್ಮ ಮೇಜಿನ ಮುಂದೆ ನಿಂತು ಬೇಸರಪಡುತ್ತಾರೆ. ತಂದೆತಾಯಿಯರ ಠೇವಣಿ ಅವರ ಹೆಸರಿನಲ್ಲೇ, ಯಾವ ಹಕ್ಕಿನ ಗುರುತೂ ಇಲ್ಲದೆ ಇರಲಿ. ಸಾಧ್ಯವಿದ್ದರೆ ಕಾರು ಮಾರಿದ ಹಣದಲ್ಲಿ ಒಂದು ಪಾಲನ್ನು ಅವರ ಆರೋಗ್ಯ ವಿಮೆಗೆ ತೆಗೆದಿಡಬೇಕು.

ಮಾರುವಾಗ ಕೈಗೆ ಹಣ ಬಂದಿತೆಂದು ಕೀಲಿಕೈ ಕೊಟ್ಟು ವಿಮಾನ ಹತ್ತಬೇಡಿ. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿ ಕೊಟ್ಟರಷ್ಟೇ ಸಾಲದು, ಆರ್‌ಸಿ ಪುಸ್ತಕದಲ್ಲಿ ಕೊಂಡವನ ಹೆಸರು ಏರುವವರೆಗೆ ಬೆನ್ನು ಹತ್ತಬೇಕು. ದಾಖಲೆಯಲ್ಲಿ ಹೆಸರು ಯಾರದೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಕಾರು ಎಷ್ಟು ಕೈ ಬದಲಾಗಿದ್ದರೂ ಸರಿಯೆ. ಮಗ ಪರದೇಶದಲ್ಲಿದ್ದಾಗ ಅಂಥ ನೋಟೀಸು ಬಂದು ಮುಟ್ಟುವುದು ತಂದೆಯ ಮನೆಯ ಬಾಗಿಲಿಗೆ. ಹಾಗೆಯೇ ವಿಮಾ ಕಂಪನಿಯಿಂದ ‘ನೋ ಕ್ಲೇಮ್ ಬೋನಸ್’ ಉಳಿಸಿಕೊಂಡ ಪತ್ರವನ್ನು ಬರೆಯಿಸಿಕೊಳ್ಳಿ. ಮೂರು ವರ್ಷಗಳೊಳಗೆ ಮರಳಿ ಬಂದು ಇಲ್ಲಿ ಹೊಸ ಕಾರು ಕೊಂಡರೆ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಪ್ರೀಮಿಯಮ್ಮಿನಲ್ಲಿ ಅರ್ಧದವರೆಗೂ ರಿಯಾಯಿತಿ ದೊರೆಯುತ್ತದೆ. ಪರದೇಶದ ಕೆಲವು ಕಂಪನಿಗಳೂ ಆ ಪತ್ರವನ್ನು ನೋಡಿ ದರ ಇಳಿಸುವುದುಂಟು. ಕೇಳಿ ನೋಡುವುದಕ್ಕೆ ಖರ್ಚೇನೂ ಇಲ್ಲ.